ನೆಲ ಡೊಂಕಿದ್ದ ಕಾಲ

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆ ಕೇಳಿದಾಗ ನನಗೆ ನನ್ನ ಮೊದಲ ಬೇಸ್ ಗಿಟಾರ್ ನೆನಪಾಗುತ್ತದೆ. ಅದರ ನೆಲ ನಿಜವಾಗಿಯೂ ಡೊಂಕಿತ್ತು. ನೆಕ್ ಬಿಲ್ಲಿನ ಹಾಗೆ ಬಾಗಿ, ಹನ್ನೆರಡನೇ ಫ್ರೆಟ್ಟಿನ, ಎಂದರೆ ನೆಕ್ಕಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಯ, ಹತ್ತಿರ ತಂತಿಯ ಅಡಿಗೆ ಪೆನ್ಸಿಲ್ ತೂರುವಷ್ಟು ಜಾಗವಿತ್ತು. 1993ರಲ್ಲಿ ಬಂಟ್ವಾಳ ಕಡೆಯ ಒಂದು ಆರ್ಕೆಸ್ಟ್ರಾ ಒಡೆದು ಸಾಮಾನು ಹಂಚಿಹೋದಾಗ 1,400 ರೂಪಾಯಿಗೆ ನನ್ನ ಪಾಲಿಗೆ ಬಂದದ್ದು ಅದು. ತಲೆಯ ಮೇಲಿನ ಕಂಪೆನಿಯ ಹೆಸರು ಉದುರಿಹೋಗಿತ್ತು. ನಾಲ್ಕು ತಂತಿಗಳಲ್ಲಿ ಮೂರು ಇದ್ದವು.

ಆರಿಸಿ ಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಮಂಗಳೂರಿನ ಅಂಗಡಿಯಲ್ಲಿ ತೂಗುಹಾಕಿದ್ದನ್ನು ನೋಡಲಿಕ್ಕೆಂದೇ ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತುತ್ತಿದ್ದೆವು, ನೋಡಿಕೊಂಡು ವಾಪಸು ಬರುತ್ತಿದ್ದೆವು. ಪುಂಜಾಲಕಟ್ಟೆಯ ಮನೆಗೆ ಬಂದ ನೆಂಟರು “ಒಂದು ಹಾಡು ಬಾರಿಸು ನೋಡುವ” ಎನ್ನುವರು. ಇದರಲ್ಲಿ ಹಾಡು ಬಾರಿಸುವುದಲ್ಲ, ಭಾಗವತರ ಬದಿಯಲ್ಲಿ ಶ್ರುತಿಪೆಟ್ಟಿಗೆ ಹಿಡಿದು ಕೂತವರಿದ್ದಾರಲ್ಲ, ಆ ಥರದ ಕೆಲಸ ಇದರದ್ದು ಎಂದು ವಿವರಿಸುತ್ತಿದ್ದೆ. “ಹಾಗಾದ್ರೆ ಹಾಡು ಬರುವಂಥದ್ದೇ ತೆಗೊಳ್ಳಬಹುದಿತ್ತಲ್ಲ ಮಾರಾಯ” ಎಂದರು ಮಾವ. ಅದಕ್ಕೆ ಉತ್ತರ ಇವತ್ತಿಗೂ ನನ್ನಲ್ಲಿಲ್ಲ.

ನೆಕ್ ಸರಿಮಾಡುವುದೇ ಮೊದಲ ರಿಪೇರಿ. ಒಳಗಿನ ಟ್ರಸ್ ರಾಡ್, ಎಂದರೆ ನೆಕ್ ಬಾಗದ ಹಾಗೆ ಹಿಡಿದಿಡುವ ಸರಳು, ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿ, ನೆಕ್ ಕೂರುವ ಗುಂಡಿಯಲ್ಲಿ ಮದುವೆ ಕಾಗದದ ಒಂದು ತುಂಡು ಇಟ್ಟೆ. ಕೋನ ಕೂದಲೆಳೆಯಷ್ಟು ಬದಲಾಗಿ ತಂತಿ ಕೆಳಗಿಳಿಯಿತು. ದೊಡ್ಡ ಅಂಗಡಿಯವರೂ ಅಲ್ಲಿ ಹೀಗೆಯೇ ಏನಾದರೊಂದು ಬಿಲ್ಲೆ ಇಡುತ್ತಾರೆಂದು ಆಮೇಲೆ ತಿಳಿಯಿತು. ನಮ್ಮದರಲ್ಲಿ ಬಿಲ್ಲೆಯ ಮೇಲೆ ವಧೂವರರ ಹೆಸರಿತ್ತು, ಅಷ್ಟೇ ವ್ಯತ್ಯಾಸ.

ಎರಡನೆಯದು ಕರೆಂಟು. ಬೆಳ್ತಂಗಡಿಯ ರೇಡಿಯೋ ರಿಪೇರಿಯವರು ಬೇಸ್ ಗಿಟಾರನ್ನು ಅದುವರೆಗೆ ಕಂಡವರಲ್ಲ. ಹಿಂದಿನ ಮುಚ್ಚಳ ತೆಗೆದು ನೋಡಿ ನಕ್ಕರು. “ಇದರಲ್ಲಿ ಎಂತ ಉಂಟು? ಎರಡು ವಾಲ್ಯೂಮು, ಒಂದು ಕೆಪಾಸಿಟರು.” ಹಳೆ ರೇಡಿಯೋದಿಂದ ಕಿತ್ತದ್ದನ್ನೇ ಹಾಕಿ ಬೆಸುಗೆ ಮಾಡಿದರು. 1951ರಲ್ಲಿ ಅಮೆರಿಕದ ಫುಲ್ಲರ್ಟನ್‌ನಲ್ಲಿ ಫೆಂಡರ್ ಪ್ರಿಸಿಷನ್ ಬೇಸ್ ಹೊರತಂದ ಲಿಯೊ ಫೆಂಡರ್ ಕೂಡ ರೇಡಿಯೋ ರಿಪೇರಿ ಅಂಗಡಿಯಿಂದಲೇ ಬಂದವರು, ಗಿಟಾರ್ ನುಡಿಸಲು ಬಾರದವರು. ನಮ್ಮವರಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ಮಜೂರಿ ಹೆಚ್ಚಾಗುತ್ತಿತ್ತು, ಮತ್ತೇನೂ ಆಗುತ್ತಿರಲಿಲ್ಲ.

ಆದರೂ ಗುಂಯ್ ಎನ್ನುವ ಸದ್ದು ನಿಲ್ಲಲಿಲ್ಲ. ನಮ್ಮ ಕರೆಂಟಿನ ಕಂಪನ 50 ಹರ್ಟ್ಸ್. ಬೇಸಿನ ದಪ್ಪ ತಂತಿಯ ಮೂರನೇ ಫ್ರೆಟ್ಟಿನಲ್ಲಿ ಬರುವ ಜಿ ಸ್ವರ 49. ಎರಡಕ್ಕೂ ಒಂದೇ ಒಂದು ಹರ್ಟ್ಸ್ ಅಂತರ. ಹಾಡು ಜಿ ಶ್ರುತಿಯದ್ದಾದರೆ ನಾನು ಕೈ ಎತ್ತಿದರೂ ಕರೆಂಟು ಬಾರಿಸುತ್ತಲೇ ಇರುತ್ತಿತ್ತು. ಚಹಾ ಪ್ಯಾಕೆಟ್ಟಿನ ಒಳಗಿನ ಬೆಳ್ಳಿ ಹಾಳೆಯನ್ನು ಗಿಟಾರಿನ ಹೊಟ್ಟೆಗೆ ಅಂಟಿಸಿ, ಅದಕ್ಕೂ ಬ್ರಿಡ್ಜಿಗೂ ವಯರು ಎಳೆದ ಮೇಲೆ ಅರ್ಧ ಕಡಿಮೆಯಾಯಿತು. ಉಳಿದರ್ಧಕ್ಕೆ ಅರ್ಥಿಂಗ್ ಬೇಕಿತ್ತು. ಶಾಮಿಯಾನದ ಅಡಿಯಲ್ಲಿ ಅದನ್ನು ಕೇಳುವವರು ಯಾರು?

ತಂತಿ ದುಬಾರಿ. ಸದ್ದು ಮಂಕಾದಾಗ ಬಿಚ್ಚಿ, ಸೋಡಾಪುಡಿ ಹಾಕಿದ ನೀರಿನಲ್ಲಿ ಕುದಿಸುತ್ತಿದ್ದೆವು. ಸುರುಳಿಯ ಸಂದಿಯಲ್ಲಿ ಸೇರಿದ ಬೆವರು, ಕೊಳೆ ಬಿಟ್ಟು ವಾರದ ಮಟ್ಟಿಗೆ ಹೊಸದರ ಹಾಗೆ ನುಡಿಯುತ್ತಿತ್ತು. ಅಮ್ಮ ಪಾತ್ರೆ ಇಣುಕಿ, “ಎಂತದಾ ಅದು, ಸಾರಿಗೆ ಹಾಕ್ಲಿಕ್ಕುಂಟಾ?” ಎಂದು ಕೇಳಿ ಆ ಪಾತ್ರೆಯನ್ನು ನನಗೇ ಬಿಟ್ಟುಕೊಟ್ಟರು. ಆಟಿ ತಿಂಗಳ ಮಳೆಗೆ ಆ ತಂತಿಯೂ ತುಕ್ಕು ಹಿಡಿಯುತ್ತಿತ್ತು.

ಆಮೇಲೆ ಮರದ ಹುಚ್ಚು. ಗಿಟಾರಿನ ಮೈ ಪ್ಲೈವುಡ್ಡಿನದು. ವೇಣೂರು ಕಡೆಯ ಆಚಾರಿಯವರು ಬೆರಳಿನಿಂದ ಬಡಿದು ನೋಡಿ, “ಇದು ಮರವೋ ರಟ್ಟೋ?” ಎಂದರು. ಮದ್ದಳೆಗೆ ಹಲಸು ಆಗುವುದಾದರೆ ಇದಕ್ಕೂ ಆದೀತು ಎಂಬುದು ನಮ್ಮಿಬ್ಬರ ತರ್ಕ. ಕೆಡವಿದ ಹಳೆಮನೆಯೊಂದರ ಹಲಸಿನ ತೊಲೆ ಸಿಕ್ಕಿತು. ಹಳೆಯ ಮೈಯನ್ನು ಮೇಲಿಟ್ಟು ಗೆರೆ ಎಳೆದು, ಒಂದು ವಾರ ಕೆತ್ತಿದರು. ಜೇನಿನ ಬಣ್ಣದ, ಚಂದದ ಕೆಲಸ. ನಾದ ಬದಲಾಯಿತೇ? ನಾನು ಹೌದೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಿಜವಾಗಿ ಬದಲಾದದ್ದು ತೂಕ. ಒಳಗೆ ಟೊಳ್ಳಿರುವ ಮದ್ದಳೆಗೆ ಅನ್ವಯಿಸಿದ್ದು ಗಟ್ಟಿ ಹಲಗೆಯ ಎಲೆಕ್ಟ್ರಿಕ್ ವಾದ್ಯಕ್ಕೆ ಅನ್ವಯಿಸಲಿಲ್ಲ. ಇಲ್ಲಿ ಸದ್ದು ತೀರ್ಮಾನವಾಗುವುದು ಹೆಚ್ಚಾಗಿ ತಂತಿ, ಪಿಕಪ್ಪು ಮತ್ತು ಬೆರಳಿನಲ್ಲಿ.

ಜಾಕೋ ಪಾಸ್ಟೋರಿಯಸ್ ಫ್ರೆಟ್ ಇಲ್ಲದ ಬೇಸ್ ನುಡಿಸುತ್ತಿದ್ದರೆಂದು ಎಲ್ಲಿಯೋ ಓದಿ, ನಾನೂ ಇಕ್ಕಳದಿಂದ ಫ್ರೆಟ್ ಕಿತ್ತೆ. ಆ ಗೀರುಗಳಿಗೆ ಅಂಟು ಕಲಸಿದ ಮರದ ಹುಡಿ ತುಂಬಿದೆ. ಜೂನ್ ತಿಂಗಳಿಗೆ ಅದು ಉಬ್ಬಿ, ಗೆದ್ದಲು ಹತ್ತಿದ ಗೋಡೆಯ ಹಾಗೆ ಗೆರೆಗೆರೆಯಾಯಿತು. ಅದರ ಮೇಲೆ ಸ್ವರ ಹುಡುಕುತ್ತ ಒಂದು ಗಣೇಶೋತ್ಸವವನ್ನೇ ಕೆಡಿಸಿದೆ.

ಕೆಡಿಸಿದ್ದು ಯಾರಿಗೂ ಗೊತ್ತಾಗಲಿಲ್ಲ. ಅದೇ ಆ ಕಾಲದ ಅನುಕೂಲ. ರಸಮಂಜರಿಯಿರಲಿ, ಇಗರ್ಜಿಯ ಸಾಂತ್‌ಮಾರಿಯಿರಲಿ, ಕ್ರಿಶ್ಚಿಯನ್ ಮದುವೆಯ ಹಿಂದಿನ ಸಂಜೆಯ ರೋಸ್ ಇರಲಿ, ಮೈಕಿನವರದ್ದು ಒಂದೇ ಮಾತು: “ಬೇಸ್ ಕಮ್ಮಿ ಮಾಡಿ, ಸ್ಪೀಕರ್ ಹೋಗ್ತದೆ.” ತೆರೆದ ದಪ್ಪ ತಂತಿಯ ಸ್ವರ 41 ಹರ್ಟ್ಸ್. ಕಂಬಕ್ಕೆ ಕಟ್ಟಿದ ಹಾರ್ನಿನಿಂದ ಅದು ಹೊರಗೆ ಬರುವ ಮಾತೇ ಇಲ್ಲ. ನಾನು ವೇದಿಕೆಯಲ್ಲಿ ಬೆವರು ಸುರಿಸಿ ಬಾರಿಸಿದ್ದರಲ್ಲಿ ಜನರಿಗೆ ತಲುಪಿದ್ದು ನನ್ನ ಭುಜದ ಕುಣಿತ.

ನಾನು ಬೇಸನ್ನು ಸರಿಯಾಗಿ ಕೇಳುತ್ತಿದ್ದದ್ದು ಮನೆಯಲ್ಲಿ. ಟೇಪ್‌ರೆಕಾರ್ಡರನ್ನು ಮೂಲೆಯ ಖಾಲಿ ಪತ್ತಾಯದ ಮೇಲಿಟ್ಟರೆ ಮರದ ಪೆಟ್ಟಿಗೆಯೇ ದನಿಗೂಡಿಸುತ್ತಿತ್ತು. ಇಳಯರಾಜಾ ಸಂಗೀತದ ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಕ್ಯಾಸೆಟ್ಟುಗಳಲ್ಲಿ ಬೇಸ್ ಹಾಡಿನ ಹಿಂದೆ ಬರುವುದಿಲ್ಲ, ತನ್ನದೇ ದಾರಿಯಲ್ಲಿ ನಡೆಯುತ್ತದೆ. ನನ್ನ ಕೈಯಲ್ಲಿ ಅದು ಬಾರದಿದ್ದಾಗ ನೆಕ್ಕಿನ ಡೊಂಕು ನೆನಪಾಗುತ್ತಿತ್ತು.

ಇದೇ ಬಂಟ್ವಾಳ ತಾಲೂಕಿನ ಸಜಿಪದಲ್ಲಿ ನಾಗಸ್ವರದವರ ಮನೆಯಲ್ಲಿ ಹುಟ್ಟಿದವರು ಕದ್ರಿ ಗೋಪಾಲನಾಥ್. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ಸ್ಯಾಕ್ಸೋಫೋನಿಗೆ ಮರುಳಾಗಿ, ಕೀಲಿ ಒತ್ತಿ ಊದುವ ಆ ವಾದ್ಯದಿಂದ ಗಮಕ ತೆಗೆಯಲು ವರ್ಷಗಟ್ಟಲೆ ಕೂತರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯಲ್ಲಿ ನುಡಿಸಿದರು. ಆ ವರ್ಷ ನಾನು ಫ್ರೆಟ್ ಕೀಳುತ್ತಿದ್ದೆ. ಡೊಂಕು ನೆಲ ಅವರಿಗೂ ಇತ್ತು. ಅವರು ಅದರ ಮೇಲೆ ಕುಣಿಯುವುದನ್ನು ಕಲಿತರು. ನಾನು ನೆಲವನ್ನೇ ಅಗೆಯುತ್ತ ಕೂತೆ.

ಈಗ ನೆಲ ಸಪಾಟಾಗಿದೆ. ಮೂಡುಬಿದಿರೆಯ ಆಳ್ವಾಸ್ ವಿರಾಸತ್‌ನ ಬಯಲಿನಲ್ಲಿ ಒಂದು ರಾತ್ರಿ, ವೇದಿಕೆಯಿಂದ ಬಹಳ ಹಿಂದೆ ನಿಂತಿದ್ದಾಗ ಬೇಸಿನ ಸ್ವರ ಕಿವಿಗಿಂತ ಮೊದಲು ಪಕ್ಕೆಲುಬಿಗೆ ತಾಗಿತು. ಇಷ್ಟು ವರ್ಷ ನಾನು ಬಾರಿಸಿದ್ದು ಹೀಗೆ ಕೇಳಬೇಕಿತ್ತಲ್ಲ ಎಂದುಕೊಂಡೆ. ಹೀಗೆ ಕೇಳಿದ್ದರೆ ನನ್ನನ್ನು ಇಳಿಸುತ್ತಿದ್ದರು ಎಂಬುದೂ ಹೊಳೆಯಿತು.

ಕಾಲೇಜು ಹುಡುಗರ ಹೆಗಲಲ್ಲಿ ಐದು ತಂತಿಯ ಬೇಸ್ ಇದೆ, ಅದರ ಕೆಳಗಿನ ಬಿ 31 ಹರ್ಟ್ಸಿಗೆ ಇಳಿಯುತ್ತದೆ. ಆರ್ಕೆಸ್ಟ್ರಾಗಳಲ್ಲಿ ಬೇಸಿನ ಜಾಗವನ್ನು ಮೊದಲು ಕೀಬೋರ್ಡಿನವರ ಎಡಗೈ ತೆಗೆದುಕೊಂಡಿತು, ಆಮೇಲೆ ಪೆನ್‌ಡ್ರೈವಿನ ಟ್ರ್ಯಾಕು. ಹವ್ಯಾಸಿಗೆ ಮಾತ್ರ ಇಷ್ಟು ಒಳ್ಳೆಯ ಕಾಲ ಹಿಂದೆ ಇರಲಿಲ್ಲ. ನನ್ನ ಈಗಿನ ಬೇಸ್ ಕೊರಿಯರಿನಲ್ಲಿ ಮನೆ ಬಾಗಿಲಿಗೇ ಬಂತು. ಫಿಂಗರ್‌ಬೋರ್ಡ್ ‘ಇಂಡಿಯನ್ ಲಾರೆಲ್’ ಎಂದು ಬರೆದಿತ್ತು. ಹುಡುಕಿದರೆ ಅದು ನಮ್ಮ ಕರಿಮತ್ತಿ. 2017ರಲ್ಲಿ ಅಂತಾರಾಷ್ಟ್ರೀಯ ವ್ಯಾಪಾರದಲ್ಲಿ ಬೀಟೆ ಮರಕ್ಕೆ ಕಾಗದಪತ್ರದ ಕಟ್ಟು ಬಿದ್ದಾಗ ಗಿಟಾರ್ ಕಂಪೆನಿಗಳು ಬದಲಿ ಮರ ಹುಡುಕಿದವು. ಸಿದ್ಧವಾದ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿದರೂ ಕರಿಮತ್ತಿ ಉಳಿದುಕೊಂಡಿತು. ಘಟ್ಟದ ಬುಡದ ಮರ ಊರೆಲ್ಲ ಸುತ್ತಿ ಪುಂಜಾಲಕಟ್ಟೆಗೆ ಬಂದಿದೆ.

ಆರಿಸುವುದು ಹೇಗೆಂದು ಹುಡುಗರು ಕೇಳುತ್ತಾರೆ. ಹೆಗಲಿಗೆ ಹಾಕಿ ಕೈ ಬಿಡಿ, ತಲೆ ಕೆಳಗೆ ವಾಲಿದರೆ ಬೇಡ. ಒಂದನೇ ಮತ್ತು ಕೊನೆಯ ಫ್ರೆಟ್ ಒಟ್ಟಿಗೆ ಒತ್ತಿ ಹಿಡಿಯಿರಿ. ನಡುವೆ ತಂತಿಯಡಿಯಲ್ಲಿ ಒಂದು ಕಾರ್ಡು ಹೋಗುವಷ್ಟೇ ಸಂದಿ ಇರಬೇಕು. 34 ಇಂಚಿನ ಉದ್ದಕ್ಕೆ ಬೆರಳು ನೋಯುವುದಾದರೆ 30 ಇಂಚಿನದು ಉಂಟು, ನಾಚಿಕೆ ಬೇಡ. ನನ್ನದೀಗ ಅದೇ. ನಾಲ್ಕು ಕಿಲೋ ಹೊತ್ತು ನಿಲ್ಲಲು ಸೊಂಟ ಒಪ್ಪುವುದಿಲ್ಲ.

ಹಳೆಯದು ಏನಾಯಿತೆಂದೂ ಕೇಳುತ್ತಾರೆ. ಹಲಸಿನ ಮೈ ಅಟ್ಟದಲ್ಲಿದೆ. ನೆಕ್ ಒಂದು ಮಳೆಗಾಲದಲ್ಲಿ ಬಚ್ಚಲ ಒಲೆಗೆ ಹೋಯಿತು. ನೀರು ಚೆನ್ನಾಗಿ ಕಾಯಿತು.

ಹೊಸದು ಬಂದ ವಾರ ಫೋನಿನಲ್ಲಿ ನನ್ನದೇ ನುಡಿಸಾಣಿಕೆ ರೆಕಾರ್ಡ್ ಮಾಡಿ ಕೇಳಿದೆ. ಗುಂಯ್ ಸದ್ದಿಲ್ಲ, ಎಲ್ಲ ಸ್ವರವೂ ನೆಟ್ಟಗಿದೆ. ತಾಳ ಮಾತ್ರ ಓಡುತ್ತಿದೆ, ಪ್ರತಿ ನಾಲ್ಕನೇ ಪೆಟ್ಟಿಗೆ ಒಂದಿಷ್ಟು ಮುಂದೆ. ಮೂವತ್ತು ವರ್ಷದಿಂದ ಓಡುತ್ತಿತ್ತೋ ಏನೋ. ಅಭ್ಯಾಸಬಲದಿಂದ ಸ್ಕ್ರೂಡ್ರೈವರಿನ ಡಬ್ಬಿ ತೆಗೆದು ನೆಕ್ಕಿನ ಉದ್ದಕ್ಕೆ ಕಣ್ಣಾಡಿಸಿದೆ. ಬಿಚ್ಚುವಂಥದ್ದು ಏನೂ ಇರಲಿಲ್ಲ. ಡಬ್ಬಿ ಮುಚ್ಚಿ, ಮೆಟ್ರೋನೋಮ್ 60ಕ್ಕೆ ಇಟ್ಟು ಮೊದಲಿನಿಂದ ಶುರುಮಾಡಿದೆ.