ಬೆಳಗಿನ ಆ ಕಾಲು ಗಂಟೆ

ಹೇಳಿಕೊಳ್ಳಲು ಸಂಕೋಚ, ಹೇಳದಿದ್ದರೆ ಸಂಕಟ. ಅಂಥ ವಿಷಯ ಇದು. ಆದರೂ ನನ್ನಂಥ ಗೃಹಿಣಿಯರು ಎಷ್ಟು ಮಂದಿ ಇದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗುತ್ತಾರೋ ಎನ್ನಿಸಿ ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು. ಮನೆಯಲ್ಲಿ ಐದು ಜನ, ಇರುವುದು ಒಂದೇ ಕಕ್ಕಸು. ಬೆಳಗ್ಗೆ ಐದೂವರೆಗೆ ಎದ್ದು ಕಾಫಿ ಕುಡಿದ ಕೂಡಲೇ ನನಗೆ ಹೋಗಬೇಕು ಅನ್ನಿಸುತ್ತಿತ್ತು. ಆದರೆ ಒಲೆಯ ಮೇಲೆ ಕುಕ್ಕರು, ಮಕ್ಕಳ ಶಾಲೆ, ನಮ್ಮವರ ಊಟದ ಡಬ್ಬಿ. 'ಆಮೇಲೆ ಹೋದರಾಯ್ತು' ಅಂತ ತಡೆದುಕೊಳ್ಳುತ್ತಿದ್ದೆ. ಎಲ್ಲರೂ ಹೊರಟು ಹತ್ತು ಗಂಟೆಗೆ ಪುರಸೊತ್ತಾದಾಗ ಹೊಟ್ಟೆ ಅದನ್ನು ಮರೆತೇಬಿಟ್ಟಿರುತ್ತಿತ್ತು. ತಿಂಡಿ ಹನ್ನೊಂದಕ್ಕೆ, ಊಟ ಮೂರಕ್ಕೆ. ಅದೂ ಮಿಕ್ಕಿದ ಅನ್ನ, ತಳದ ಸಾರು. ಎಲ್ಲರಿಗೂ ಬಡಿಸುವಷ್ಟರಲ್ಲಿ ಪಲ್ಯ ಖಾಲಿ. ನೀರು ಕುಡಿಯುವುದಂತೂ ನೆನಪಾದರೆ ಉಂಟು.

ಹೊಟ್ಟೆ ಉಬ್ಬರ, ಹುಳಿತೇಗು, ಮೂರು ದಿನಕ್ಕೊಮ್ಮೆ ತಿಣುಕಾಟ. ಅಂಗಡಿಯಿಂದ ಭೇದಿ ಮಾತ್ರೆ ತರಿಸಿ ನುಂಗಿ ದಿನ ತಳ್ಳಿದೆ. ಒಂದು ದಿನ ರಕ್ತ ಕಂಡಿತು. ಕೈಕಾಲು ತಣ್ಣಗಾಯಿತು. ಆದರೂ ನಾಲ್ಕು ತಿಂಗಳು ಯಾರೆದುರೂ ಬಾಯಿ ಬಿಡಲಿಲ್ಲ. ಕೊನೆಗೆ ತಲೆ ಸುತ್ತಿ ಅಡಿಗೆಮನೆಯಲ್ಲೇ ಕುಸಿದಾಗ ನಮ್ಮವರು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಪರೀಕ್ಷೆಗಳೆಲ್ಲ ಆದವು. ಮೂಲವ್ಯಾಧಿ, ಜೊತೆಗೆ ರಕ್ತಹೀನತೆ. "ಪುಣ್ಯಕ್ಕೆ ಬೇರೇನೂ ಅಲ್ಲ" ಎಂದ ಲೇಡಿ ಡಾಕ್ಟರು, "ಬೆಳಗ್ಗೆ ಎಷ್ಟು ಹೊತ್ತಿಗೆ ಹೋಗ್ತೀರಮ್ಮಾ?" ಅಂತ ಕೇಳಿದರು. "ಎಲ್ಲರದ್ದೂ ಆದಮೇಲೆ" ಅಂದೆ.

ಅವರು ಬಿಡಿಸಿ ಹೇಳಿದರು. ಬೆಳಗ್ಗೆ ಎದ್ದ ಮೇಲೆ, ಬಿಸಿಯಾಗಿ ಏನಾದರೂ ಕುಡಿದ ಮೇಲೆ, ತಿಂಡಿ ತಿಂದ ಮೇಲೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಆಗ ತಡೆದುಕೊಂಡರೆ ಕರುಳು ಮಲದಲ್ಲಿನ ನೀರನ್ನು ಹೀರುತ್ತಲೇ ಇರುತ್ತದೆ, ಮಲ ಗಟ್ಟಿಯಾಗುತ್ತದೆ. ದಿನಾ ತಡೆದರೆ ಆ ಕರೆಯೇ ಮಂದವಾಗುತ್ತದೆ.

ಮನೆಗೆ ಬಂದು ಧೈರ್ಯ ಮಾಡಿ ಹೇಳಿಬಿಟ್ಟೆ: "ಆರರಿಂದ ಆರೂಕಾಲು ನನ್ನ ಹೊತ್ತು. ಒಲೆ ಯಾರಾದರೂ ನೋಡಿಕೊಳ್ಳಿ." ಅತ್ತೆ ಏನನ್ನುತ್ತಾರೋ ಎಂದು ಅಳುಕು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ನಲವತ್ತು ವರ್ಷ ಹೀಗೇ ತಡ್ಕೊಂಡೆ ಕಣೇ. ನೀನು ಹೋಗು, ಹಾಲು ನಾನು ನೋಡ್ಕೋತೀನಿ" ಅಂದರು. ನನ್ನ ಕಣ್ಣು ತುಂಬಿ ಬಂತು.

ಈಗ ಅಡಿಗೆಕಟ್ಟೆಯ ಮೇಲೆ ನನ್ನದೇ ಒಂದು ಚೊಂಬು ನೀರು. ಪಲ್ಯ ಇಳಿಸಿದ ಕೂಡಲೇ ನನ್ನ ಪಾಲು ಬಟ್ಟಲಿಗೆ ತೆಗೆದಿಡುತ್ತೇನೆ. ಮಧ್ಯಾಹ್ನ ಒಂದೂವರೆಗೆ ಅತ್ತೆಯ ಜೊತೆಯಲ್ಲೇ ಕೂತು ಮುದ್ದೆ, ಸೊಪ್ಪಿನ ಬಸ್ಸಾರು, ಮಜ್ಜಿಗೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ದೊಡ್ಡವರಿಗೆ ದಿನಕ್ಕೆ 25 ಗ್ರಾಂ ನಾರಾದರೂ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬುತ್ತದೆ. ನಿಧಾನವಾಗಿ ಹೆಚ್ಚಿಸಿ, ನೀರೂ ಕುಡಿಯಬೇಕು. ರಕ್ತಕ್ಕೆಂದು ಕೊಡುವ ಕಬ್ಬಿಣದ ಮಾತ್ರೆಯೂ ಕೆಲವರಿಗೆ ಮಲಬದ್ಧತೆ ತರುತ್ತದೆ. ಹಾಗಾದರೆ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ಒಂದು ಮಾತು, ಸೋದರಿಯರೇ. ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, 'ಮೂಲವ್ಯಾಧಿಯೇ ಇರಬೇಕು' ಅಂತ ನನ್ನ ಹಾಗೆ ತಿಂಗಳುಗಟ್ಟಲೆ ಕೂರಬೇಡಿ. ಬೇಗ ತೋರಿಸಿ. ನಾಚಿಕೆಗೆ ನಾನು ತೆತ್ತದ್ದೇ ಸಾಕು.

ಮೊನ್ನೆ ಮಗಳು ಶಾಲೆಗೆ ಹೊತ್ತಾಯಿತೆಂದು ಹಾಗೇ ಹೊರಟಿದ್ದಳು. ಬಾಗಿಲಲ್ಲೇ ತಡೆದೆ. ಐದು ನಿಮಿಷ ತಡವಾದರೆ ಆಗಲಿ, ಮೊದಲು ಹೋಗಿ ಬಾ ಅಂದೆ.