ದೋಣಿಗೆ ಬೇಡವಾದ ಟೈಗರ್

ಟೈಗರ್ ಎಂದರೆ ನಮ್ಮ ಮನೆಯ ನಾಯಿ. ಹೆಸರು ಕೇಳಿ ಹೆದರುವುದು ಬೇಡ. ಮಾರ್ನೆಮಿಯ ಹೊತ್ತಿಗೆ, ಬೀದಿಯಲ್ಲಿ ಹುಲಿವೇಷದ ತಾಸೆ ಬಡಿಯುತ್ತಿದ್ದಾಗ, ಮಾವ ಗೋಣಿಚೀಲದಲ್ಲಿ ಸುತ್ತಿ ತಂದ ಮರಿ ಅದು. ಆಗ ಬೇರೆ ಹೆಸರು ಯಾರಿಗೂ ತೋಚಲಿಲ್ಲ. ಆದರೆ ತಾಸೆಯ ಸದ್ದು ಕೇಳಿದರೆ ಸಾಕು, ಕೊನೆಯವರೆಗೂ ಅದು ಮಂಚದ ಅಡಿ ಸೇರುತ್ತಿತ್ತು. ಊರಿನ ಹುಲಿಗಳೆಲ್ಲ ಅಂಗಳದಲ್ಲಿ ಕುಣಿಯುವಾಗ ನಮ್ಮ ಹುಲಿ ಅಕ್ಕಿ ಡಬ್ಬದ ಹಿಂದೆ. ಬಣ್ಣ ಕೆಂಪು ಅಂತ ನನ್ನ ನೆನಪು, ತಂಗಿ ಕಂದು ಎನ್ನುತ್ತಾಳೆ. ಒಂದು ಕಿವಿ ನಿಂತು ಇನ್ನೊಂದು ಬಿದ್ದಿತ್ತು ಎಂಬುದರಲ್ಲಿ ಮಾತ್ರ ನಮಗಿಬ್ಬರಿಗೂ ಜಗಳವಿಲ್ಲ.

ನಮ್ಮ ಮನೆ ಮಂಗಳೂರಿನಲ್ಲಿ, ಉರ್ವದ ಕಡೆ. ಅಲ್ಲಿಂದ ಇಳಿದು ಹೋದರೆ ಸುಲ್ತಾನ್ ಬತ್ತೇರಿ, ಟಿಪ್ಪುವಿನ ಕಾಲದ ಕಪ್ಪು ಕಲ್ಲಿನ ಕಾವಲು ಬುರುಜು. ಅದರ ಬುಡದಲ್ಲಿ ಗುರುಪುರ ಹೊಳೆ. ಹೊಳೆಯ ಆಚೆ ಉದ್ದಕ್ಕೆ ಒಂದು ಮರಳಿನ ಪಟ್ಟಿ, ಅದರ ಇನ್ನೊಂದು ಬದಿಗೆ ಕಡಲು. ಆ ಪಟ್ಟಿಯ ಮೇಲೆಯೇ ತಣ್ಣೀರುಬಾವಿ. ತೆಂಕಕ್ಕೆ ನಡೆದರೆ ಬೆಂಗ್ರೆ, ಅದರ ತುದಿಯಲ್ಲಿ ನೇತ್ರಾವತಿಯೂ ಗುರುಪುರವೂ ಕೂಡಿ ಕಡಲಿಗೆ ಬೀಳುವ ಅಳಿವೆ ಬಾಗಿಲು. ರಸ್ತೆಯಲ್ಲಿ ಹೋಗುವುದಾದರೆ ಕೂಳೂರಿನ ಸೇತುವೆ ದಾಟಿ ಸುತ್ತು ಬಳಸಬೇಕು. ದೋಣಿಯಲ್ಲಾದರೆ, ಬಾಯಿಗೆ ಹಾಕಿದ ಎಲೆಅಡಿಕೆ ಮುಗಿಯುವುದರೊಳಗೆ ಆಚೆ ದಡ.

ನಾಯಿಗೆ ಕಡಲು ತೋರಿಸಬೇಕು ಎಂಬ ಚಟ ಹಚ್ಚಿದ್ದು ಬೊಂಬಾಯಿಯಿಂದ ರಜೆಗೆ ಬಂದ ಭಾವ. ಅವರು ಅಲ್ಲಿ ಹೋಟೆಲಿನ ಲೆಕ್ಕ ಬರೆಯುವ ಕೆಲಸದಲ್ಲಿದ್ದರು. ಮೀಯಲಿಕ್ಕೆ ಹೋಗುವಾಗಲೂ ಕೈಗಡಿಯಾರ ಕಟ್ಟಿಕೊಳ್ಳುವ, ಕಿಸೆಯಲ್ಲಿ ಬಾಚಣಿಗೆ ಇಲ್ಲದೆ ಹೊಸ್ತಿಲು ದಾಟದ ಮನುಷ್ಯ. "ಜುಹುವಿನಲ್ಲಿ ದೊಡ್ಡ ದೊಡ್ಡವರು ಸಂಜೆ ನಾಯಿಯನ್ನು ಕಡಲಿಗೆ ಕರಕೊಂಡು ಬರ್ತಾರೆ ಮಾರಾಯ. ನಿಮಗೆ ಬಾಗಿಲಲ್ಲೇ ಕಡಲು ಉಂಟು, ನಾಯಿ ಮಾತ್ರ ತೆಂಗಿನ ಬುಡದಲ್ಲಿ!" ಎಂದು ಅವರು ಹೇಳಿದ ಮೇಲೆ ನಮಗೆ ನಾಚಿಕೆಯಾಯಿತು. ನಾಚಿಕೆಯಾಗುವಂಥದ್ದು ಅದರಲ್ಲಿ ಏನಿತ್ತೋ ಈಗ ಗೊತ್ತಾಗುವುದಿಲ್ಲ.

ಮೊದಲು ಪಣಂಬೂರಿಗೆ ಹೋದೆವು. ಬಂದರಿನ ಪಕ್ಕದ ಆ ಮರಳಿನಲ್ಲಿ ಆಗಲೂ ಜನವೋ ಜನ. ಟೈಗರ್ ಕಡಲನ್ನು ಒಮ್ಮೆ ನೋಡಿತು, ಅಷ್ಟೇ. ಉಳಿದ ಹೊತ್ತೆಲ್ಲ ಅದರ ಕಣ್ಣು ಚರುಮುರಿ ಗಾಡಿಯ ಮೇಲೆ. ಒಬ್ಬ ಪುಟ್ಟ ಹುಡುಗನ ಕೈಯ ಪೊಟ್ಟಣ ಮಾಯವಾಯಿತು, ಅವನ ಅಮ್ಮ ನಮ್ಮ ವಂಶವನ್ನೆಲ್ಲ ನೆನೆದರು. ಸೋಮೇಶ್ವರಕ್ಕೂ ಒಮ್ಮೆ ಹೋಗಿದ್ದೆವು. ಅಲ್ಲಿ ದೇವಸ್ಥಾನದ ಬದಿಯ ರುದ್ರಶಿಲೆಯ ಬಂಡೆಗಳ ಮೇಲೆ ಪಾಚಿ, ಕೆಳಗೆ ಸುಳಿಯುವ ನೀರು. ನಾಯಿ ಜಾರಿದರೆ ಅದರ ಹಿಂದೆ ಹಗ್ಗ ಹಿಡಿದವನೂ ಜಾರುವ ಜಾಗ. ಭಾವನೇ ಬಾಚಣಿಗೆ ಕಿಸೆಗೆ ತುರುಕಿ "ಇದು ಬೇಡ" ಎಂದರು. ಹಾಗೆ ಉಳಿದದ್ದು ತಣ್ಣೀರುಬಾವಿ. ಗಾಳಿಮರದ ನೆರಳು, ಜನ ಕಡಿಮೆ, ಉದ್ದಕ್ಕೆ ಖಾಲಿ ಮರಳು.

ಆ ದಿನ ದಸರೆಯ ರಜೆ ಇನ್ನೂ ಮುಗಿದಿರಲಿಲ್ಲ. ಮಳೆಗಾಲದ ರೋಷ ಇಳಿದಿತ್ತು. ನೂಲ ಹುಣ್ಣಿಮೆಗೆ ಮೊಗವೀರರು ಹಾಲು, ತೆಂಗಿನಕಾಯಿ ಕೊಟ್ಟು ಕಡಲನ್ನು ಪೂಜಿಸಿ ಬಹಳ ದಿನವಾಗಿತ್ತು. ಅದಕ್ಕಿಂತ ಮುಂಚೆ ನಮ್ಮನ್ನು ನೀರಿನ ಹತ್ತಿರ ಬಿಡುತ್ತಿರಲಿಲ್ಲ. ಬೆಳಿಗ್ಗೆಯೇ ಬೆವರು, ಘಟ್ಟದ ಕಡೆ ಬಿಳಿ ಮೋಡದ ಗುಡ್ಡೆ, ಸಂಜೆಗೆ ಗುಡುಗು ಖಾತ್ರಿ ಎನ್ನುವಂಥ ದಿನ. ಅಮ್ಮ ನೀರುದೋಸೆ ಮಡಚಿ ಬಾಳೆಲೆಯಲ್ಲಿ ಕಟ್ಟಿ, ಬೆಲ್ಲ ಹಾಕಿದ ಕಾಯಿತುರಿ ಬೇರೆ ಪೊಟ್ಟಣ ಮಾಡಿ ಕೊಟ್ಟಿದ್ದರು. ನಾಯಿಗೇನೂ ಕಟ್ಟಿರಲಿಲ್ಲ. ಅದು ನಮ್ಮ ಪಾಲಿನಲ್ಲೇ ತಿನ್ನುತ್ತದೆ ಎಂದು ಅವರಿಗೆ ಗೊತ್ತು.

ಕಡವಿನಲ್ಲಿ ತೊಡಕು. ದೋಣಿಯ ಅಣ್ಣ ಟೈಗರನ್ನು ಕಂಡದ್ದೇ ಹುಟ್ಟು ಅಡ್ಡ ಹಿಡಿದರು. "ನಾಯಿಗೆಲ್ಲ ಆಗ್ಲಿಕ್ಕಿಲ್ಲ. ಮೀನಿನ ಬುಟ್ಟಿ ಉಂಟು, ಹೆಂಗಸರು ಮಕ್ಕಳು ಇದ್ದಾರೆ. ಅದು ಹಾರಿದರೆ ದೋಣಿ ಮಗುಚುತ್ತದೆ." ಅವರು ಹೇಳಿದ್ದು ತುಳುವಿನಲ್ಲಿ, ಇನ್ನೂ ನಾಲ್ಕು ಮಾತು ಸೇರಿಸಿ. ಅವನ್ನು ಇಲ್ಲಿ ಬರೆಯುವಂತಿಲ್ಲ. ಭಾವ ಜುಹುವಿನ ಕತೆ ಶುರುಮಾಡಿದರು. ಅಣ್ಣ ಹೊಳೆಗೆ ಉಗಿದು, "ಹಾಗಾದರೆ ಜುಹುವಿನ ದೋಣಿ ಹತ್ತಿ" ಎಂದರು.

ಕೊನೆಗೆ ನನ್ನ ತಮ್ಮ ಟೈಗರನ್ನು ಹಿಡಿದುಕೊಂಡು ಈಚೆ ನಿಲ್ಲುವುದು, ನಾವು ಹೋಗಿ ಬರುವುದು ಎಂದಾಯಿತು. ತಮ್ಮ ಒಪ್ಪಿದ್ದು ಹೇಗೆ ಎಂಬುದು ನನ್ನ ನೆನಪಿನಲ್ಲಿ ಇಲ್ಲ. ನಾಲ್ಕಾಣೆ ಕೊಟ್ಟೆ ಎಂದು ನಾನು ಹೇಳುತ್ತೇನೆ, ಕೊಡುತ್ತೇನೆಂದು ಹೇಳಿ ಕೊಡಲೇ ಇಲ್ಲ ಎಂದು ಅವನು ಈಗಲೂ ಹೇಳುತ್ತಾನೆ.

ದೋಣಿ ನಡುಹೊಳೆಗೆ ಬಂದಿರಬೇಕು. ಹಿಂದಿನಿಂದ ತಮ್ಮನ ಕಿರುಚಾಟ ಕೇಳಿತು. ತಿರುಗಿ ನೋಡಿದರೆ ಹೊಳೆಯಲ್ಲಿ ಒಂದು ತಲೆ, ಒಂದು ಕಿವಿ ನೆಟ್ಟಗೆ. ತೆಂಗಿನ ನಾರಿನ ಹಗ್ಗ ಅದರ ಹಿಂದೆ ಹಾವಿನ ಹಾಗೆ ತೇಲಿ ಬರುತ್ತಿತ್ತು. ಬುಟ್ಟಿಯ ಹೆಂಗಸರೆಲ್ಲ ಎದ್ದು ನಿಂತರು. ನಾಯಿ ಹಾರದಿದ್ದರೂ ದೋಣಿ ಮಗುಚುವುದು ನಿಶ್ಚಯ ಎಂದುಕೊಂಡೆ.

ಆಗ ಇಳಿತದ ಹೊತ್ತು. ನಮ್ಮ ಕಡಲು ಏರುವುದು ಇಳಿಯುವುದು ದೊಡ್ಡ ಲೆಕ್ಕವಲ್ಲ, ಆಳೆತ್ತರ ಕೂಡ ಆಗುವುದಿಲ್ಲ. ಆದರೆ ಅಷ್ಟಕ್ಕೇ ಹೊಳೆಯ ನೀರೆಲ್ಲ ಅಳಿವೆಯತ್ತ ಎಳೆಯತೊಡಗುತ್ತದೆ. ಟೈಗರ್ ನಮ್ಮ ಕಡೆ ಮೂತಿ ಇಟ್ಟುಕೊಂಡೇ ತೆಂಕಕ್ಕೆ ತೇಲುತ್ತಿತ್ತು. ನಾನು ಅತ್ತೆ. ಭಾವ ಗಡಿಯಾರ ನೋಡಿದರು, ಯಾಕೋ. ದೋಣಿಯ ಅಣ್ಣ ಮಾತ್ರ ಕೂತಲ್ಲಿಂದ ಏಳಲಿಲ್ಲ. "ಸುಮ್ಮನಿರು ಮಗಾ. ನಾಯಿ ನೀರಿಗೆ ಎದುರು ಈಜುವುದಿಲ್ಲ, ಅದಕ್ಕೆ ಬುದ್ಧಿ ಉಂಟು. ನೀರು ಕೊಂಡುಹೋದಲ್ಲಿಗೆ ಹೋಗಿ ಅಡ್ಡಕ್ಕೆ ದಡ ಹತ್ತುತ್ತದೆ. ಎದುರು ಈಜಿ ಸೋತು ಮುಳುಗುವುದು ಮನುಷ್ಯರು."

ಎಷ್ಟೋ ವರ್ಷದ ಮೇಲೆ, ಕಡಲ ಕರೆಯಲ್ಲಿ ಸೀಟಿ ಊದುವ ಜೀವರಕ್ಷಕರೊಬ್ಬರು ಹುಡುಗರಿಗೆ ಇದನ್ನೇ ಹೇಳಿಕೊಡುವುದನ್ನು ಕೇಳಿದೆ: ಸೆಳೆತಕ್ಕೆ ಸಿಕ್ಕಿದರೆ ದಡದತ್ತ ಗುದ್ದಾಡಬೇಡಿ, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ಒಳಗೆ ಬನ್ನಿ. ಟೈಗರ್‌ಗೆ ಅದನ್ನು ಯಾರು ಹೇಳಿಕೊಟ್ಟಿದ್ದರು?

ದೋಣಿ ಇಳಿದವರೇ ತೆಂಕಕ್ಕೆ ಓಡಿದೆವು. ಕಾಲಡಿ ಮರಳು ಕಾದ ಕಾವಲಿ. ಸಿಕ್ಕವರನ್ನೆಲ್ಲ ಕೇಳುವುದು, ಅವರು ಇನ್ನೂ ಮುಂದೆ ಎಂದು ಕೈ ತೋರಿಸುವುದು. ಒಬ್ಬ ಅಜ್ಜ ಬಲೆ ಹೊಲಿಯುತ್ತ ತಲೆ ಎತ್ತದೆ, "ಹಗ್ಗದ ನಾಯಿಯಾ? ಹೊಳೆಯಿಂದ ಹತ್ತಿ ಕಡಲಿಗೆ ಹೋಯ್ತು" ಎಂದರು, ದಿನಾ ಹೋಗುವ ನೆಂಟರ ಸುದ್ದಿ ಹೇಳಿದ ಹಾಗೆ. ತೆಂಗಿನ ತೋಟದ ಸಂದಿಯಲ್ಲಿ ನುಗ್ಗಿ ಕಡಲ ಬದಿಗೆ ಬಂದರೆ ಅಲ್ಲಿ ಕೈರಂಪಣಿ ಎಳೆಯುತ್ತಿದ್ದರು. ನೋಡದವರಿಗೆ ಹೇಳುವುದಾದರೆ, ದೋಣಿಯಲ್ಲಿ ಹೋಗಿ ಕಡಲಿನಲ್ಲಿ ಬಲೆಯನ್ನು ಅರ್ಧ ಸುತ್ತು ಬಿಟ್ಟು ಬರುತ್ತಾರೆ, ಆಮೇಲೆ ಅದರ ಎರಡು ತುದಿಯ ಹಗ್ಗವನ್ನು ದಡದಲ್ಲಿ ಎರಡು ಸಾಲು ಜನ ನಿಂತು ಕೈಯಲ್ಲೇ ಎಳೆಯುತ್ತಾರೆ. ಎರಡು ಸಾಲಿನ ನಡುವೆ, ಬಲೆ ಬರುವ ದಾರಿಗೆ ನೇರವಾಗಿ, ಯಜಮಾನನ ಹಾಗೆ ಕೂತಿದ್ದದ್ದು ಟೈಗರ್. ಮೈಯೆಲ್ಲ ಒದ್ದೆ, ಮೂಗಿನ ಮೇಲೆ ಮರಳು. ನಮ್ಮನ್ನು ನೋಡಿ ಬಾಲ ಎರಡು ಸಲ ಅಲ್ಲಾಡಿಸಿ ಮತ್ತೆ ಬಲೆಯತ್ತ ತಿರುಗಿತು.

"ನಿಮ್ಮದಾ ಇದು?" ಬುಟ್ಟಿ ಹಿಡಿದು ನಿಂತ ಅಕ್ಕನೊಬ್ಬರು ಕೇಳಿದರು. "ನನ್ನ ಮೂರು ಬಂಗುಡೆ ತಿಂದಾಯ್ತು. ದುಡ್ಡು ಕೊಡಿ, ಇಲ್ಲದಿದ್ದರೆ ಹಗ್ಗ ಹಿಡಿಯಿರಿ." ದುಡ್ಡಿನ ಮಾತಿಗೆ ಭಾವ ತಟ್ಟನೆ ಹಗ್ಗ ಹಿಡಿದರು. ಹಿಡಿದವರು ನಾಲ್ಕು ಹೆಜ್ಜೆ ಎಳೆದಿರಲಿಲ್ಲ, ತೆರೆಯೊಂದು ಬಂದು ಅವರನ್ನು ಅಂಗಾತ ಮಲಗಿಸಿತು. ಗಡಿಯಾರಕ್ಕೆ ಉಪ್ಪುನೀರು, ಬಾಚಣಿಗೆ ವರುಣದೇವರಿಗೆ. ಜನ ನಕ್ಕದ್ದು ನನ್ನ ಕಿವಿಯಲ್ಲಿ ಈಗಲೂ ಉಂಟು. ಬಲೆ ಬಂದಾಗ ಬೂತಾಯಿ ಬೆಳ್ಳಿಯ ಹಾಗೆ ರಾಶಿ ಬಿತ್ತು. ಅದರೊಳಗಿದ್ದ ಒಂದು ಡೆಂಜಿ, ಅಂದರೆ ಏಡಿ, ಟೈಗರಿನ ತುಟಿ ಹಿಡಿಯಿತು. ಅದು ಕೂಗಿದ ಕೂಗು ಆಚೆ ದಡದಲ್ಲಿ ಅಳುತ್ತ ಕೂತಿದ್ದ ತಮ್ಮನಿಗೂ ಕೇಳಿತ್ತಂತೆ. ಅದು ಆಗುವ ಮಾತಲ್ಲ, ಆದರೆ ಅವನು ಬಿಡುವುದಿಲ್ಲ.

ಈಗ ಮಗಳ ನಾಯಿಯನ್ನು ನಾನು ಸಸಿಹಿತ್ಲಿಗೆ ಕರೆದುಕೊಂಡು ಹೋಗುತ್ತೇನೆ, ಸೂರ್ಯ ಏರುವ ಮೊದಲು. ಶಾಂಭವಿ, ನಂದಿನಿ ಹೊಳೆಗಳು ಕಡಲು ಸೇರುವ ಆ ಜಾಗದಲ್ಲಿ, ತೆರೆ ಇಲ್ಲದ ಹೊಳೆಯ ಬದಿಯ ಮೊಣಕಾಲುದ್ದ ನೀರು ಅದಕ್ಕೆ ಸಾಕು. ತೆರೆಯ ಬದಿ ಹಲಗೆ ಹಿಡಿದು ಸರ್ಫಿಂಗ್ ಮಾಡುವ ಹುಡುಗರಿಗೆ. ಹಗ್ಗ ಬಿಚ್ಚುವುದಿಲ್ಲ. 2024ರಲ್ಲಿ ಆ ಕಡೆಯ ಮರಳಿನಲ್ಲಿ ಕಡಲಾಮೆ ಮೊಟ್ಟೆ ಇಟ್ಟು ಅರಣ್ಯ ಇಲಾಖೆಯವರು ಬೇಲಿ ಕಟ್ಟಿ ಕಾದ ಮೇಲೆ ನನಗೇ ಭಯ. ನಾಯಿಯ ಮೂಗಿಗೆ ಮರಳಿನಡಿಯ ಮೊಟ್ಟೆ ಗುಟ್ಟಲ್ಲ. ಪಡುಬಿದ್ರಿಯ ಬೀಚಿಗೆ 2020ರಲ್ಲಿ ನೀಲಿ ಬಾವುಟ ಬಂತು. ಆ ಬಾವುಟದ ನಿಯಮದಲ್ಲಿ ನಾಯಿಗಳ ಓಡಾಟಕ್ಕೆ ಬಿಗಿ ಕಟ್ಟು ಉಂಟು, ಹಾಗಾಗಿ ಆ ಕಡೆ ನಾನೊಬ್ಬನೇ ಹೋಗುವುದು. ಟೈಗರ್ ಇದ್ದಿದ್ದರೆ ಬೇಲಿಯ ಆಚೆ ಕೂತು ಗಾಡಿಯ ಗೋಳಿಬಜೆಗೆ ಕಾಯುತ್ತಿತ್ತು.

ಎಲ್ಲಿದ್ದೆ? ಹಾಂ, ವಾಪಸು ಬರುವಾಗ. ಅದೇ ದೋಣಿ, ಅದೇ ಅಣ್ಣ. ಘಟ್ಟದ ಕಡೆ ಗುಡುಗು ಶುರುವಾಗಿತ್ತು. ಅವರು ಟೈಗರನ್ನು ಒಮ್ಮೆ, ತೊಪ್ಪೆಯಾದ ಭಾವನನ್ನು ಒಮ್ಮೆ ನೋಡಿದರು. "ಹತ್ತಲಿ. ಹೋಗುವಾಗ ಈಜಿಕೊಂಡೇ ಹೋಯ್ತಲ್ಲ." ಟೈಗರ್ ನಮಗಿಂತ ಮೊದಲು ಹಾರಿ ಅಣಿಯದಲ್ಲಿ ಕೂತಿತು, ಕಿವಿ ಒಂದು ಗಾಳಿಗೆ, ಒಂದು ಕೆಳಗೆ. ದೋಣಿ ಅಲುಗಲೂ ಇಲ್ಲ.

ಮನೆಯಲ್ಲಿ ಅಮ್ಮ ಬಾವಿಯಿಂದ ಕೊಡದ ಮೇಲೆ ಕೊಡ ಸೇದಿ ಅದರ ಮೈಯ ಉಪ್ಪು ತೊಳೆದರು. ಕಡಲುಪ್ಪು ಒಣಗಿದರೆ ನಾಯಿ ಕೆರೆದುಕೊಂಡು ಹುಣ್ಣು ಮಾಡಿಕೊಳ್ಳುತ್ತದೆ. ರಾತ್ರಿ ಅದು ಎರಡು ಸಲ ವಾಂತಿ ಮಾಡಿತು, ಕುಡಿದ ಉಪ್ಪುನೀರಿನ ಪ್ರತಾಪ. ಅಂದಿನಿಂದ ನಾವು ಕಡಲಿಗೆ ಹೊರಟರೆ ಕುಚ್ಚಲಕ್ಕಿ ಗಂಜಿಯ ತೆಳಿ ಒಂದು ಬಾಟಲಿ ಜೊತೆಗೆ, ಬಾಯಾರಿದ ನಾಯಿ ತೆರೆಗೆ ನಾಲಿಗೆ ಹಾಕದ ಹಾಗೆ. ಭಾವ ರಾತ್ರಿಯೆಲ್ಲ ಗಡಿಯಾರವನ್ನು ಅಕ್ಕಿಯೊಳಗೆ ಹೂತು ಕಾದರು. ಅದು ಮತ್ತೆ ನಡೆಯಲಿಲ್ಲ.

ದೋಣಿಯ ಅಣ್ಣ ಆಮೇಲೆ ಟೈಗರಿಗೆ ಅಡ್ಡ ಹೇಳಲಿಲ್ಲ. ಆದರೆ ಪ್ರತಿ ಸಲವೂ ಅದರ ಅರ್ಧ ಟಿಕೇಟಿನ ದುಡ್ಡು ಎಣಿಸಿ ತೆಗೆದುಕೊಂಡರು.