ಮರವಂತೆಯಲ್ಲಿ ಕಡಲು ಯಾವ ಕಡೆಗೆ?

ಕುಂದಾಪುರದಿಂದ ಬೈಂದೂರಿಗೆ ಹೊರಟ ಪ್ರಯಾಣಿಕನಿಗೆ ಮರವಂತೆಯಲ್ಲಿ ಎರಡು ನೀರುಗಳ ದರ್ಶನ ಏಕಕಾಲಕ್ಕೆ ಲಭಿಸುತ್ತದೆ. ಎಡಗಡೆ ಅರಬ್ಬೀ ಸಮುದ್ರ, ಬಲಗಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ನದಿಯ ಆಚೆಗೆ ತೆಂಗಿನ ಸಾಲು. ಅದರ ಬೆನ್ನಿಗೆ ಕೊಡಚಾದ್ರಿಯ ನೀಲಿ ಗೆರೆ. ಇಂಥ ಸ್ಥಳವನ್ನು ಕಂಡ ಚಲಚ್ಚಿತ್ರಕಾರನು ಕ್ಯಾಮೆರಾ ಇಳಿಸದೆ ಮುಂದೆ ಹೋದಾನೆಯೆ?

ಆದರೆ ಈ ಚೆಲುವಿನಲ್ಲಿ ಒಂದು ತೊಡಕಿದೆ. ನಾಯಕನು ಖಳನನ್ನು ಬೆನ್ನಟ್ಟಿ ಉತ್ತರಕ್ಕೆ ಧಾವಿಸುತ್ತಿದ್ದಾನೆಂದು ಭಾವಿಸೋಣ. ಕಡಲು ಅವನ ಎಡಕ್ಕಿರಬೇಕು. ಮರುಚಿತ್ರಿಕೆಯಲ್ಲಿ ಅದು ಬಲಕ್ಕೆ ಬಂದರೆ, ಒಂದೋ ನಾಯಕನು ಹಿಂದಿರುಗಿ ಮನೆಗೆ ಹೊರಟಿದ್ದಾನೆ, ಇಲ್ಲವೆ ದೃಶ್ಯದ ಒಂದು ಭಾಗವನ್ನು ಹೋಗುವಾಗಲೂ ಇನ್ನೊಂದನ್ನು ಬರುವಾಗಲೂ ಚಿತ್ರಿಸಿದ್ದಾರೆ. ಬೆಂಗಳೂರಿನ ಪ್ರೇಕ್ಷಕನು ಇದನ್ನು ಗಮನಿಸಲಾರ. ಗಂಗೊಳ್ಳಿಯ ಹುಡುಗನು ಮಾತ್ರ ಕುರ್ಚಿಯಲ್ಲೇ ಎದ್ದು ಕೂರುತ್ತಾನೆ. ಕಡಲಿನಿಂದ ಸೂರ್ಯ ಮೇಲೇರಿ ಬಂದರಂತೂ ಮುಗಿದೇ ಹೋಯಿತು. ಪಡುಗಡಲಿನಲ್ಲಿ ಅವನು ಮುಳುಗುವುದಷ್ಟೇ ಉಂಟು.

ಹೊಡೆದಾಟದ ಚಿತ್ರಗಳಲ್ಲಿ ಇಂಥ ತಪ್ಪುಗಳು ಹೆಚ್ಚೇಕೆ ಎಂಬುದಕ್ಕೆ ಕಾರಣ ಸರಳವಾದುದು. ತೆರೆಯ ಮೇಲೆ ಮೂರು ನಿಮಿಷ ನಡೆಯುವ ಕಾಳಗವನ್ನು ಹಲವು ದಿನಗಳ ಕಾಲ ತುಣುಕು ತುಣುಕಾಗಿ ಚಿತ್ರಿಸುತ್ತಾರೆ. ಸಮುದ್ರವೋ ಯಾರಿಗೂ ಕಾಯುವುದಿಲ್ಲ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಅದೂ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ. ಮೊದಲ ಏಟು ಬಿದ್ದಾಗ ಮಾರು ದೂರವಿದ್ದ ಅಲೆ, ಎರಡನೆಯ ಏಟಿನ ಹೊತ್ತಿಗೆ ಖಳನ ಮೊಣಕಾಲಿಗೆ ಬಂದಿರುತ್ತದೆ. ಒದ್ದೆಯಾದ ಅಂಗಿ ಒಣಗುತ್ತದೆ, ಮತ್ತೆ ಒದ್ದೆಯಾಗುತ್ತದೆ. ಹಣೆಯ ಗಾಯ ಎಡಹುಬ್ಬಿನಿಂದ ಬಲಹುಬ್ಬಿಗೆ ವಲಸೆ ಹೋಗುತ್ತದೆ. ಇವನ್ನೆಲ್ಲ ಬರೆದಿಟ್ಟುಕೊಳ್ಳುವುದಕ್ಕೆಂದೇ ಚಿತ್ರತಂಡದಲ್ಲಿ ಒಬ್ಬ ಸಹಾಯಕನಿರುತ್ತಾನೆ. ಅವನು ನೂರು ತಪ್ಪು ತಡೆದರೂ ಯಾರೂ ಅರಿಯರು. ತಪ್ಪಿಹೋದ ಒಂದನ್ನು ಮಾತ್ರ ಲೋಕವೆಲ್ಲ ಅರಿಯುತ್ತದೆ. ನಮ್ಮ ಪರೀಕ್ಷಾ ಮೌಲ್ಯಮಾಪಕರ ಪಾಡೂ ಹೆಚ್ಚುಕಡಿಮೆ ಇಷ್ಟೇ.

ಹೆಮ್ಮಾಡಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಕೊಲ್ಲೂರಿನ ದಾರಿ ಹಿಡಿದರೆ ವಂಡ್ಸೆ. ಆ ಸೀಮೆಯಲ್ಲೇ ಕೆರಾಡಿ ಎಂಬ ಹಳ್ಳಿ. ನಿರ್ದೇಶಕ ರಿಷಬ್ ಶೆಟ್ಟಿಯವರ ಹುಟ್ಟೂರು. 2022ರಲ್ಲಿ ತೆರೆಕಂಡ ‘ಕಾಂತಾರ’ ಇಲ್ಲಿ ರೂಪುಗೊಂಡಿತು. ಕದಂಬರ ಕಾಲದ ಕಥೆಯುಳ್ಳ ಅದರ ಪೂರ್ವಭಾಗವು 2025ರ ಅಕ್ಟೋಬರ್ 2ರಂದು ಬಿಡುಗಡೆಯಾದಾಗ, ‘ಬ್ರಹ್ಮಕಲಶ’ ಎಂಬ ಹಾಡಿನ ಊಟದ ದೃಶ್ಯದಲ್ಲಿ ಚುರುಕುಗಣ್ಣಿನ ಪ್ರೇಕ್ಷಕರು ಒಂದು ವಸ್ತುವನ್ನು ಪತ್ತೆಮಾಡಿದರು: 20 ಲೀಟರಿನ ಪ್ಲಾಸ್ಟಿಕ್ ನೀರಿನ ಕ್ಯಾನು! ದೇಶವೆಲ್ಲ ನಕ್ಕಿತು. ನಗುವವರು ಹೊರನಾಡಿನ ದೊಡ್ಡವರನ್ನೂ ನೆನೆಯಬಹುದಾಗಿತ್ತು. 2000ದಲ್ಲಿ ಬಂದ ‘ಗ್ಲಾಡಿಯೇಟರ್’ ಚಿತ್ರದ ರೋಮನ್ ರಥದಲ್ಲಿ ಅನಿಲದ ಸಿಲಿಂಡರು ಕಂಡಿತ್ತು. 2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಔತಣದಲ್ಲಿ ಕಾಫಿಯ ಲೋಟ ಕುಳಿತಿತ್ತು.

ವಂಡ್ಸೆಯ ಹೋಟೆಲೊಂದರಲ್ಲಿ ಈ ಮಾತು ಬಂದಾಗ ಗಲ್ಲಾದ ಮೇಲೆ ಕುಳಿತಿದ್ದ ಹಿರಿಯರು, “ಹ್ವಾಯ್ ಮಾಷ್ಟ್ರೆ, ಕ್ಯಾನ್ ಅಂದ್ರೆ ಪ್ಲಾಸ್ಟಿಕ್, ಎಲ್ರಿಗೂ ಕಾಣತ್ತ್. ಗೇರ್ ಮರ ಇದ್ದಿರೆ ಯಾರಾರೂ ಹೇಳ್ತಿದ್ರಾ?” ಎಂದರು.

ಈ ಪ್ರಶ್ನೆ ನನ್ನನ್ನು ದಾರಿಯುದ್ದಕ್ಕೂ ಬಿಡಲಿಲ್ಲ. ಕದಂಬರ ರಾಜ್ಯವನ್ನು ಮಯೂರಶರ್ಮನು ಕಟ್ಟಿದ್ದು ನಾಲ್ಕನೆಯ ಶತಮಾನದಲ್ಲಿ. ಗೇರು ಬ್ರೆಜಿಲಿನದು, ಪೋರ್ಚುಗೀಸರ ಹಡಗಿನಲ್ಲಿ ಇಲ್ಲಿಗೆ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಮೆಣಸಿನಕಾಯಿಯ ಜಾತಕವೂ ಅದೇ. ಕದಂಬರ ದೊರೆಗೆ ಕೆಂಪು ಸಾರು ಬಡಿಸುವಂತಿಲ್ಲ, ಕಾಳುಮೆಣಸಿನದೇ ಗತಿ. ಅನಾನಸು, ಪಪ್ಪಾಯಿ, ಪೇರಳೆ ಎಲ್ಲವೂ ಅಮೆರಿಕ ಖಂಡದ ನೆಂಟರು. ಬೈಂದೂರಿನ ಮೇಲ್ಸೀಮೆಯ ರಬ್ಬರೂ ಬ್ರೆಜಿಲಿನದೇ. ಬೋಳುಗುಡ್ಡಗಳ ಮೇಲೆ ಅರಣ್ಯ ಇಲಾಖೆ ನೆಟ್ಟ ಅಕೇಶಿಯಾ ಆಸ್ಟ್ರೇಲಿಯಾದ್ದು. ಗುಡಿಸಲಿನ ಮೇಲೆ ಮಂಗಳೂರು ಹೆಂಚು ಕಂಡರೆ ಅದು 1865ರ ಈಚಿನ ಮಾತು. ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ಸ್ಥಾಪಿಸಿದ್ದು ಆ ವರ್ಷ. ಅಂದಮೇಲೆ ಕುಂದಾಪುರದ ಗುಡ್ಡವೊಂದರ ಮೇಲೆ ನಿಂತು ಯಾವ ದಿಕ್ಕಿಗೆ ಕ್ಯಾಮೆರಾ ತಿರುಗಿಸಿದರೂ ಹತ್ತಾರು ‘ನೀರಿನ ಕ್ಯಾನುಗಳು’ ಹಸಿರುಡುಗೆ ತೊಟ್ಟು ನಿಂತಿರುತ್ತವೆ. ಅವುಗಳನ್ನು ನಾವು ‘ಪ್ರಾಚೀನ ಪ್ರಕೃತಿ’ ಎಂದು ಕೊಂಡಾಡುತ್ತೇವೆ.

ಭಾಷೆಯ ಸಂಗತಿಯಂತೂ ಇನ್ನೂ ಸೊಗಸು. ಹಲ್ಮಿಡಿ ಶಾಸನ ಐದನೆಯ ಶತಮಾನದ್ದು. ಅದರ ಕನ್ನಡವನ್ನು ಎಂ.ಎ. ತರಗತಿಯಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ಬೆವರಿಳಿಯುತ್ತದೆ. ಕಾಲನಿಷ್ಠೆಯೇ ಮುಖ್ಯವೆಂದು ಚಿತ್ರದ ಪಾತ್ರಗಳಿಂದ ಆ ಕನ್ನಡ ಆಡಿಸಿದ್ದರೆ ಚಿತ್ರಮಂದಿರದಲ್ಲಿ ಉಳಿಯುತ್ತಿದ್ದವರು ನಾವು ನಾಲ್ಕು ಮಂದಿ ಉಪನ್ಯಾಸಕರು ಮಾತ್ರ. ಅವರಲ್ಲೂ ಇಬ್ಬರು ಮಧ್ಯಂತರದಲ್ಲಿ ಎದ್ದಾರು.

ಬ್ರಹ್ಮಾವರದ ಬಳಿಯ ಬಾರಕೂರಿಗೆ ಬಂದರೆ ಕಲಾನಿರ್ದೇಶಕನ ಕಷ್ಟ ಕಣ್ಣಿಗೆ ಕಟ್ಟುತ್ತದೆ. ಆಳುಪರ ರಾಜಧಾನಿಯಾಗಿ, ವಿಜಯನಗರದ ಕಾಲದಲ್ಲಿ ಪ್ರಾಂತದ ಕೇಂದ್ರವಾಗಿ ಮೆರೆದ ಊರು. ಕತ್ತಲೆ ಬಸದಿಯ ಕಲ್ಲುಹಾಸಿನ ಇಳಿಜಾರು ಮಾಡನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯದು. ಆದರೆ ಇಲ್ಲಿ ಇಂದು ನಿಂತಿರುವ ಕಲ್ಲೆಲ್ಲ ಕದಂಬರಿಗಿಂತ ಶತಮಾನಗಳಷ್ಟು ಈಚಿನದು. ಮಣ್ಣು, ಮರ, ಮುಳಿಹುಲ್ಲುಗಳಲ್ಲಿ ಕಟ್ಟಿದ್ದನ್ನು ಕರಾವಳಿಯ ಮಳೆ ಉಳಿಸುವುದಿಲ್ಲ. ನೋಡಿ ನಕಲು ಮಾಡೋಣವೆಂದರೆ ಎದುರಿಗೆ ಮೂಲವೇ ಇಲ್ಲ. ಊಹೆಯೇ ಅವನ ಬಂಡವಾಳ.

ಇದೇ ನಾಡಿನ ಜನ ರಾತ್ರಿಯಿಡೀ ಯಕ್ಷಗಾನ ನೋಡುತ್ತಾರೆ. ಮಂದಾರ್ತಿ ಮೇಳದ ಆಟದಲ್ಲಿ ಬಟ್ಟೆ ಹೊದಿಸಿದ ಪೀಠವೇ ಇಂದ್ರನ ಸಿಂಹಾಸನ, ಮರುಗಳಿಗೆ ಅದೇ ಅರ್ಜುನನ ರಥ. ತ್ರೇತಾಯುಗದ ದೂತನಾಗಿ ಬಂದ ಹಾಸ್ಯಗಾರನು ಕೊನೆಯ ಬಸ್ಸು ತಪ್ಪಿತೆಂದು ಗೋಳಾಡಿದರೆ ಸಭೆ ಬಿದ್ದು ಬಿದ್ದು ನಗುತ್ತದೆ. ಯಾರೂ ತಪ್ಪೆಣಿಸುವುದಿಲ್ಲ. ರಂಗಸ್ಥಳವು ತಾನು ಸಾಕ್ಷಾತ್ ಅಯೋಧ್ಯೆಯೆಂದು ಹೇಳಿಕೊಳ್ಳುವುದಿಲ್ಲ. ಕ್ಯಾಮೆರಾ ಹಾಗೆ ಹೇಳಿಕೊಳ್ಳುತ್ತದೆ. ‘ಇದು ಕಣ್ಣಾರೆ ಕಂಡದ್ದು’ ಎಂದು ಆಣೆಯಿಟ್ಟವನ ಮಾತಿನಲ್ಲಿ ಕ್ಯಾನು ಸಿಕ್ಕರೆ ಜನ ಬಿಡುವುದುಂಟೆ?

ಆಣೆಯ ಮಾತು ಬಂದುದರಿಂದ ಹೇಳುತ್ತೇನೆ. ದೈವದ ನುಡಿಗೆ ತಲೆಬಾಗುವ ಮನೆಗಳಲ್ಲಿ ಕ್ಯಾನಿನ ಚರ್ಚೆ ನಡೆದದ್ದು ಕಡಮೆ. 2025ರ ಅಕ್ಟೋಬರಿನಲ್ಲಿ ಕೆಲವು ಪ್ರೇಕ್ಷಕರು ಚಿತ್ರಮಂದಿರಗಳಲ್ಲಿ ದೈವದ ವೇಷ ತೊಟ್ಟು ಕುಣಿದರು. ಹಾಗೆ ಅನುಕರಿಸಬೇಡಿರೆಂದು ನಿರ್ಮಾಪಕರಾದ ಹೊಂಬಾಳೆ ಸಂಸ್ಥೆಯವರೇ ವಿನಂತಿಸಬೇಕಾಯಿತು. ಗಗ್ಗರ ಯಾರ ಕಾಲಿಗೆ, ಯಾವ ನೇಮದಿಂದ ಏರಬೇಕೆಂಬುದು ಇಲ್ಲಿಯವರಿಗೆ ವಿವರದ ಪ್ರಶ್ನೆಯಲ್ಲ.

ಮೊದಲನೆಯ ‘ಕಾಂತಾರ’ದಲ್ಲಿ ಕಥೆ 1847ರಿಂದ 1970ಕ್ಕೂ ಅಲ್ಲಿಂದ 1990ಕ್ಕೂ ಹಾರುತ್ತದೆ. ಭೂಮಿ ಯಾರದು ಎಂಬುದೇ ಅದರ ಜೀವಾಳ. ಅರಣ್ಯ ಇಲಾಖೆಗೂ ಹಳ್ಳಿಗರಿಗೂ ನಡುವಿನ ಜಗ್ಗಾಟದಲ್ಲಿ ಚಿತ್ರವು ಈ ನೆಲಕ್ಕೆ ನಿಷ್ಠವಾಗಿದೆ. ಕೊಲ್ಲೂರಿನ ಸುತ್ತಣ ಕಾಡು ಮೂಕಾಂಬಿಕಾ ವನ್ಯಜೀವಿಧಾಮವಾದದ್ದು 1974ರಲ್ಲಿ. ಆದರೆ ಅದೇ 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿಯೂ ಜಾರಿಗೆ ಬಂದಿತು. ಗೇಣಿದಾರರು ಅರ್ಜಿ ಹಾಕಿದರು. ಇಲ್ಲಿಯವರ ಬಾಯಲ್ಲಿ ಅದು ‘ಡಿಕ್ಲರೇಶನ್’. ರಾಜ್ಯದಲ್ಲೇ ಆ ಕಾಯಿದೆ ಬಹಳ ಮಟ್ಟಿಗೆ ಕೈಗೂಡಿದ್ದು ಅವಿಭಜಿತ ದಕ್ಷಿಣ ಕನ್ನಡದಲ್ಲಿ. ಎಷ್ಟೋ ಗುತ್ತುಗಳ ಅಂಗಳ ಬರಿದಾಯಿತು, ಎಷ್ಟೋ ಒಕ್ಕಲುಗಳ ಹೆಸರು ಪಹಣಿಗೆ ಏರಿತು. ಧಣಿಯ ಕಥೆ ಹೇಳುವ ಚಿತ್ರವು ಈ ವರ್ಷವನ್ನು ಮಾತ್ರ ಒಂದೇ ನೆಗೆತಕ್ಕೆ ದಾಟಿಬಿಡುತ್ತದೆ. ನನ್ನ ಮಟ್ಟಿಗೆ ಇದು ಕ್ಯಾನಿಗಿಂತ ದೊಡ್ಡ ಲೋಪ.

ವಂಡ್ಸೆಯ ಆ ಹೋಟೆಲಿನ ಹಿರಿಯರನ್ನು ಬೈಂದೂರಿನಿಂದ ಮರಳುವಾಗ ಮತ್ತೆ ಕಂಡು ಇದನ್ನೇ ಕೇಳಿದೆ. ಅವರು ಚಿತ್ರವನ್ನು ಮೂರು ಸಲ ನೋಡಿದ್ದರು. “ನಮ್ಮಪ್ಪಯ್ಯನ ಡಿಕ್ಲರೇಶನ್ ಕಾಗ್ದ ಇನ್ನೂ ಮನೇಲಿತ್ತ್ ಮಾಷ್ಟ್ರೆ” ಎಂದರು. ಬಳಿಕ ಚಹಾದ ಚಿಲ್ಲರೆ ಎಣಿಸತೊಡಗಿದರು.